ಚಾಚುಗಳ ಉದ್ದ ಮತ್ತು ಪ್ರಭೇದದ ಗಡಿ: ಒಂದು ಪಳೆಯುಳಿಕೆ ಸಿಸ್ಟಿನ ರೂಪವಿವರಣೆಯ ವಿಮರ್ಶೆ

ಡೈನೊಫ್ಲಾಜೆಲೇಟುಗಳು ಕಶಾಂಗಗಳ ನೆರವಿನಿಂದ ಚಲಿಸುವ ಏಕಕೋಶ ಜೀವಿಗಳು. ಇವುಗಳಲ್ಲಿ ಕೆಲವು ಪ್ರಭೇದಗಳು ಮಾತ್ರ ವಿಶ್ರಾಂತ ಅವಸ್ಥೆಯಲ್ಲಿ ಸುಲಭವಾಗಿ ಕೊಳೆಯದ ಸಾವಯವ ಭಿತ್ತಿಯ ಸಿಸ್ಟನ್ನು ನಿರ್ಮಿಸುತ್ತವೆ. ಪಳೆಯುಳಿಕೆ ತಜ್ಞನಿಗೆ ಸಾಮಾನ್ಯವಾಗಿ ದೊರೆಯುವುದು ಜೀವಿ ತೊರೆದುಹೋದ ಈ ಕವಚ ಮಾತ್ರ. ಆದ್ದರಿಂದ ಕವಚದ ರೂಪವಿವರಣೆಯಲ್ಲಿ ನುಸುಳುವ ದೋಷವು ವರ್ಗೀಕರಣದಲ್ಲಿಯೂ ಉಳಿದುಬಿಡುತ್ತದೆ.

ಈ ಶಾಸ್ತ್ರದ ಇತಿಹಾಸವೇ ಇದಕ್ಕೆ ನಿದರ್ಶನ. 1830ರ ದಶಕದಲ್ಲಿ ಎರೆನ್‌ಬರ್ಗ್ ಫ್ಲಿಂಟ್ ಕಲ್ಲಿನಲ್ಲಿ ಕಂಡ ಮುಳ್ಳುಳ್ಳ ಗೋಲಗಳನ್ನು ಡೆಸ್ಮಿಡ್ ಶೈವಲಗಳ ಕ್ಸಾಂಥಿಡಿಯಮ್ ಕುಲಕ್ಕೆ ಸೇರಿಸಿದರು. 1933ರಲ್ಲಿ ಒಟ್ಟೊ ವೆಟ್ಸೆಲ್ ಇಂಥವಕ್ಕೆ ಮುಳ್ಳುಹಂದಿಯನ್ನು ನೆನಪಿಸುವ ಹಿಸ್ಟ್ರಿಕೊಸ್ಫೇರಾ ಎಂಬ ಹೆಸರನ್ನಿತ್ತರು. 1961ರಲ್ಲಿ ವಿಲಿಯಂ ಎವಿಟ್, ಜೀವಿ ಹೊರಬರುವ ನಿರ್ಗಮನದ್ವಾರವನ್ನೂ ಚಾಚುಗಳ ಜೋಡಣೆಯನ್ನೂ ಪರಿಶೀಲಿಸಿ, ಇವುಗಳಲ್ಲಿ ಅನೇಕವು ಡೈನೊಫ್ಲಾಜೆಲೇಟ್ ಸಿಸ್ಟುಗಳೆಂದು ತೋರಿಸಿಕೊಟ್ಟರು. ಮುಳ್ಳುಗಳಲ್ಲೇ ನೆಟ್ಟ ದೃಷ್ಟಿ ದ್ವಾರದ ಮಹತ್ತ್ವವನ್ನು ಗುರುತಿಸಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಲಿಂಗ್ಯುಲೊಡಿನಿಯಮ್ ಮೆಕೆರೊಫೋರಮ್ ಪ್ರಭೇದದಲ್ಲಿ ಇದೇ ಸಮಸ್ಯೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. 1955ರಲ್ಲಿ ಡಿಫ್ಲಾಂಡ್ರ್ ಮತ್ತು ಕುಕ್ಸನ್ ಆಸ್ಟ್ರೇಲಿಯದ ಪಳೆಯುಳಿಕೆಗಳಿಂದ ವರ್ಣಿಸಿದ ಇದನ್ನು 1967ರಲ್ಲಿ ಡೇವಿಡ್ ವಾಲ್ ಪ್ರತ್ಯೇಕ ಕುಲದಲ್ಲಿರಿಸಿದರು. ಪ್ರಭೇದನಾಮದ ಅರ್ಥ 'ಚೂರಿಯನ್ನು ಹೊತ್ತದ್ದು'. ಸಿಸ್ಟಿನ ಕಾಯ ಗೋಲಾಕಾರ ಅಥವಾ ಅಂಡಾಕಾರ. ಚಾಚುಗಳು ಟೊಳ್ಳಾಗಿದ್ದು ತುದಿಯತ್ತ ಮೊನಚಾಗಿ ಮುಚ್ಚಿಕೊಂಡಿರುತ್ತವೆ. ಅನೇಕವುಗಳ ತುದಿಯ ಬಳಿ ಸೂಕ್ಷ್ಮ ಮುಳ್ಳುಗಳಿರುತ್ತವೆ. ನಿರ್ಗಮನದ್ವಾರವು ಒಂದು ಅಥವಾ ಹಲವು ಫಲಕಗಳ ಬಿಡುಗಡೆಯಿಂದ ಉಂಟಾಗುತ್ತದೆ. ಜೀವಂತ ಚಲನಶೀಲ ರೂಪದ ಹೆಸರು ಮಾತ್ರ ಬೇರೆ: ಲಿಂಗ್ಯುಲೊಡಿನಿಯಮ್ ಪಾಲಿಯೆಡ್ರ.

ಹೆಸರಿಗೆ ಕಾರಣವಾದ ಚೂರಿಗಳೇ ಇಲ್ಲಿ ಅತ್ಯಂತ ಅಸ್ಥಿರವಾದ ಲಕ್ಷಣವೆಂಬುದು ಗಮನಾರ್ಹ. ಕೊಕಿನೋಸ್ ಮತ್ತು ಆಂಡರ್ಸನ್ ಅವರ 1995ರ ಅಧ್ಯಯನವು, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಿಗಳ ಸಿಸ್ಟುಗಳಲ್ಲಿಯೂ ಚಾಚುಗಳು ವೈವಿಧ್ಯಮಯವಾಗಿರುತ್ತವೆಂದೂ ಬೆಳವಣಿಗೆ ನಡುವೆ ನಿಂತಾಗ ಅವು ಪೂರ್ಣರೂಪ ತಾಳುವುದಿಲ್ಲವೆಂದೂ ತೋರಿಸಿತು. 2009ರಲ್ಲಿ ಮೆರ್ಟೆನ್ಸ್ ಮತ್ತು ಸಹೋದ್ಯೋಗಿಗಳು ಸಮುದ್ರತಳದ ಮೇಲ್ಪದರದ ಮಾದರಿಗಳಲ್ಲಿ, ಚಾಚುಗಳ ಸರಾಸರಿ ಉದ್ದಕ್ಕೂ ನೀರಿನ ಲವಣಾಂಶ ಮತ್ತು ಉಷ್ಣತೆಗಳಿಗೂ ಸಂಬಂಧವಿದೆಯೆಂದು ಪ್ರತಿಪಾದಿಸಿದರು.

ಗಿಡ್ಡ ಚಾಚಿನ ಸಿಸ್ಟುಗಳನ್ನು ಬೇರೊಂದು ಪ್ರಭೇದವೆಂದು ಹೆಸರಿಸಿದರೆ ಈ ಸಾಕ್ಷ್ಯ ಕಳೆದುಹೋಗುತ್ತದೆ. ಒಂದೇ ಜೀವಿಯು ನೀರಿನ ಬದಲಾವಣೆಗೆ ನೀಡಿದ ಪ್ರತಿಕ್ರಿಯೆಯು ಒಂದು ಪ್ರಭೇದ ಅಳಿದು ಮತ್ತೊಂದು ಬಂದಂತೆ ತೋರತೊಡಗುತ್ತದೆ. ಗತಕಾಲದ ಸಮುದ್ರದ ಲವಣಾಂಶವನ್ನು ಅಂದಾಜಿಸುವ ದಾರಿ ಮುಚ್ಚುತ್ತದೆ. ಹಾಗೆಂದು ಉದ್ದವನ್ನು ಲವಣಾಂಶದ ಅಳತೆಗೋಲೆಂದು ನೇರವಾಗಿ ಸ್ವೀಕರಿಸುವುದೂ ಯುಕ್ತವಲ್ಲ. ಬಿಡಿ ಸಿಸ್ಟಿನಲ್ಲಿ ಗಿಡ್ಡ ಚಾಚು ಅಪೂರ್ಣ ಬೆಳವಣಿಗೆಯ ಫಲವೂ ಆಗಿರಬಹುದು. ಸಮೂಹದ ಸರಾಸರಿಗೆ ಇರುವ ಅರ್ಥ ಒಂಟಿ ಮಾದರಿಗೆ ಇರಲಾರದು.

ಆದಕಾರಣ ನಾಮಮಾದರಿಯ ಚಿತ್ರ ಮತ್ತು 'ಉದ್ದ', 'ಗಿಡ್ಡ' ಎಂಬ ವಿಶೇಷಣಗಳಿಂದ ರೂಪವಿವರಣೆ ಪೂರ್ಣವಾಗುವುದಿಲ್ಲ. ಅಳೆದ ಸಿಸ್ಟುಗಳ ಸಂಖ್ಯೆ, ಕನಿಷ್ಠ, ಸರಾಸರಿ ಹಾಗೂ ಗರಿಷ್ಠ ಅಳತೆಗಳು, ಭಿತ್ತಿಯ ರಚನೆ, ದ್ವಾರದ ಸ್ವರೂಪ ಇವೆಲ್ಲವೂ ಅದರಲ್ಲಿ ಸೇರಬೇಕು. ಕನ್ನಡದಲ್ಲಿ ಬರೆಯುವಾಗಲೂ ಇದೇ ಎಚ್ಚರ ಅಗತ್ಯ. 'ಮುಳ್ಳು' ಎಂಬ ಪದ ಘನವಾದ, ಚುಚ್ಚುವ ವಸ್ತುವನ್ನು ಸೂಚಿಸುತ್ತದೆ; 'ಚಾಚು' ಎಂಬುದು ಟೊಳ್ಳಾದ ರಚನೆಗೂ ಒಪ್ಪುತ್ತದೆ. ಕಂಡದ್ದನ್ನು ಹೇಳುವ ಪದವನ್ನು ಆರಿಸಿಕೊಂಡಾಗ, ಮುಂದಿನ ಅಧ್ಯಯನಕಾರನು ಹಿಂದಿನವರ ಊಹೆಯನ್ನು ಸತ್ಯವೆಂದು ಎಣಿಸುವ ಅಪಾಯ ತಗ್ಗುತ್ತದೆ.