‘ಅಳಿದ ಮೇಲೆ’: ಒಂದು ಅವ್ಯಯದ ಅರ್ಥವ್ಯಾಪ್ತಿ

ಡಾ. ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಕಾದಂಬರಿಯ ಹೆಸರಿನಲ್ಲಿರುವುದು ಎರಡೇ ಪದ. ಓದುಗರ ಗಮನ ಸಹಜವಾಗಿ ಮೊದಲನೆಯ ಪದದತ್ತ ಹರಿಯುತ್ತದೆ. ಆದರೆ ಕೃತಿಯ ಭಾರವನ್ನು ಹೊತ್ತಿರುವುದು ‘ಮೇಲೆ’ ಎಂಬ ಪುಟ್ಟ ಅವ್ಯಯ.

ರೈಲು ಪ್ರಯಾಣದಲ್ಲಿ ಪರಿಚಯವಾದ ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಹಣ, ದಿನಚರಿ, ಚಿತ್ರಗಳು ನಿರೂಪಕನ ಕೈಸೇರುತ್ತವೆ. ಆ ಹಣ ಯಾರಿಗೆ ಸಲ್ಲಬೇಕೆಂದು ಅರಸುತ್ತ ಆತ ಮೃತರನ್ನು ಬಲ್ಲವರ ಮನೆಬಾಗಿಲಿಗೆ ಹೋಗುತ್ತಾನೆ. ಹೀಗೆ, ಸಾವಿನಲ್ಲಿ ಮುಗಿಯಬೇಕಾಗಿದ್ದ ಕಥೆ ಸಾವಿನಿಂದಲೇ ಮೊದಲಾಗುತ್ತದೆ.

‘ಅಳಿದ ಬಳಿಕ’ ಎಂದಿದ್ದರೆ ಏನು ಕೊರತೆಯಾಗುತ್ತಿತ್ತು? ‘ಬಳಿಕ’ ಕಾಲವನ್ನಷ್ಟೇ ಸೂಚಿಸುತ್ತದೆ. ‘ಮೇಲೆ’ ಎಂಬುದಾದರೋ ಕಾಲದೊಡನೆ ಹೊರೆಯನ್ನೂ ಸೂಚಿಸುತ್ತದೆ. ಒಬ್ಬನ ಮೇಲೆ ಪ್ರೀತಿ, ಒಬ್ಬನ ಮೇಲೆ ಅಪವಾದ, ಸಾಲದ ಮೇಲೆ ಸಾಲ ಎಂದು ನಾವು ದಿನವೂ ಆಡುತ್ತೇವೆ. ನಿರೂಪಕನಿಗೆ ಎದುರಾಗುವುದೂ ಈ ಮೂರೇ. ಒಬ್ಬರು ಮೃತರನ್ನು ವಾತ್ಸಲ್ಯದಿಂದ ನೆನೆಯುತ್ತಾರೆ, ಇನ್ನೊಬ್ಬರು ದೂರುತ್ತಾರೆ. ಇವೆರಡರ ನಡುವೆ ಋಣದ ಲೆಕ್ಕ ತೆರೆದೇ ಇರುತ್ತದೆ. ಉತ್ತರ ಹೇಳಲು ಅಳಿದವರು ಇಲ್ಲದಿರುವುದರಿಂದ ಅವರ ಬಗ್ಗೆ ನ್ಯಾಯವಾಗಿ ಮಾತನಾಡುವ ಹೊಣೆ ಉಳಿದವರ ಮೇಲೆ ಬೀಳುತ್ತದೆ.

ಇದು ರೂಢಿಯ ಮಾತಷ್ಟೇ, ಇದರಲ್ಲಿ ಇಷ್ಟು ಅರ್ಥ ಹುಡುಕುವುದು ವಿಮರ್ಶಕನ ಚಾತುರ್ಯವೆಂದು ಯಾರಾದರೂ ಆಕ್ಷೇಪಿಸಬಹುದು. ಲೇಖಕರ ಮನಸ್ಸಿನಲ್ಲಿ ಏನಿತ್ತೆಂಬುದು ಇಲ್ಲಿ ಮುಖ್ಯವಲ್ಲ. ಶೀರ್ಷಿಕೆಯ ಅರ್ಥವನ್ನು ಕೃತಿಯೇ ನಿರ್ಣಯಿಸಬೇಕು. ಶೀರ್ಷಿಕೆಗೆ ಕರ್ತೃಪದವೂ ಇಲ್ಲ, ಪೂರ್ಣಕ್ರಿಯಾಪದವೂ ಇಲ್ಲ. ಅರ್ಧಕ್ಕೆ ನಿಂತ ಆ ವಾಕ್ಯವನ್ನು ನಿರೂಪಕ ತನ್ನ ಅಲೆದಾಟದಿಂದ ಪೂರ್ತಿಮಾಡುತ್ತಾನೆ, ಓದುಗನೂ ಪೂರ್ತಿಮಾಡಬೇಕಾಗುತ್ತದೆ.

ಅಳಿದ ಮೇಲೆ ಏನು ಎಂದೊಡನೆ ನಾವು ಪರಲೋಕದ ಕಡೆಗೆ ನೋಡುತ್ತೇವೆ. ಕಾರಂತರು ನಮ್ಮ ದೃಷ್ಟಿಯನ್ನು ಈ ನೆಲದ ಕಡೆಗೇ ತಿರುಗಿಸುತ್ತಾರೆ. ಹಿರಿಯರು ತೀರಿಕೊಂಡಾಗ ಅವರ ಆಸ್ತಿಯ ಪಟ್ಟಿ ತಡವಿಲ್ಲದೆ ಸಿದ್ಧವಾಗುತ್ತದೆ. ಅವರು ಯಾರಿಗೆ ಋಣಿಯಾಗಿದ್ದರು, ಯಾರಿಗೆ ಆಸರೆಯಾಗಿದ್ದರು ಎಂದು ವಿಚಾರಿಸುವವರು ವಿರಳ. ಆ ವಿಚಾರಣೆಯೂ ಉತ್ತರಾಧಿಕಾರದ ಒಂದು ಭಾಗವೇ ಎಂಬುದನ್ನು ಈ ಸಣ್ಣ ಪದ ನಮಗೆ ನೆನಪಿಸುತ್ತದೆ.