ಸಾಲು ಅಳಿಯಿತು, ಸವಾಲು ಉಳಿಯಿತು

ನಮ್ಮಲ್ಲೀಗ ಜ್ಯೂರಿ ಇಲ್ಲ. ಅತ್ಯಾಚಾರಕ್ಕೆ ಒಳಗಾದವಳು ಹೀಗೇ ನಡೆದುಕೊಳ್ಳಬೇಕು ಎಂಬ ಊರ ನಂಬಿಕೆ ಮುಚ್ಚಿದ ಕೋಣೆಯಲ್ಲಿ ತೀರ್ಪು ಕೊಡುವಂತಿಲ್ಲ. ನ್ಯಾಯಾಧೀಶರು ಕಾರಣ ಬರೆಯಲೇಬೇಕು. ಬರೆದದ್ದು ಕಣ್ಣಿಗೆ ಬೀಳುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನು ಆದೇಶವೊಂದು, ಘಟನೆಯ ನಂತರ ದಣಿದು ನಿದ್ದೆ ಹೋದೆನೆಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ಒಪ್ಪುವಂಥದ್ದಲ್ಲ ಎಂದಿತ್ತು. ಟೀಕೆ ಎದ್ದಿತು. ಜುಲೈನಲ್ಲಿ ಹೈಕೋರ್ಟೇ ಆ ಸಾಲನ್ನು ತೆಗೆದುಹಾಕಿತು. ಜಾಮೀನು ಹಾಗೇ ಉಳಿಯಿತು.

ಇಂಥ ಸಾಲು ಹುಟ್ಟದಿರಲೆಂದೇ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಲಿಂಗ ಪೂರ್ವಗ್ರಹಗಳ ಕುರಿತ ಕೈಪಿಡಿ ಹೊರತಂದಿತು. ಆಘಾತಕ್ಕೆ ಎಲ್ಲರೂ ಒಂದೇ ರೀತಿ ಸ್ಪಂದಿಸುವುದಿಲ್ಲ, ತಡವಾಗಿ ಬಂದ ಮಾತ್ರಕ್ಕೆ ದೂರು ಸುಳ್ಳಾಗದು ಎಂದು ಅದು ನೇರವಾಗಿ ಹೇಳುತ್ತದೆ. ಹೊಸ ಮಾತೇನಲ್ಲ, ತಡದ ವಿಷಯವನ್ನು ಅದೇ ಕೋರ್ಟಿನ 1996ರ ಗುರ್ಮೀತ್ ಸಿಂಗ್ ತೀರ್ಪೇ ಹೇಳಿತ್ತು. ತಪ್ಪು ನಂಬಿಕೆಯ ಎದುರಿಗೇ ವಾಸ್ತವವನ್ನಿಟ್ಟು ತೋರಿಸಿದ್ದು ಕೈಪಿಡಿಯ ಹೆಚ್ಚುಗಾರಿಕೆ.

ಆದರೆ ಅದರ ಕಣ್ಣು ತೀರ್ಪಿನ ಭಾಷೆಯ ಮೇಲೆ. ಬಸವಕಲ್ಯಾಣ, ಹುಮನಾಬಾದಿನಂಥ ಕಡೆ ಪೂರ್ವಗ್ರಹ ದಾಖಲೆಯೊಳಗೆ ನುಸುಳುವುದು ಅದಕ್ಕೂ ಎಷ್ಟೋ ಮೊದಲು. ಮಾತು ಮೊದಲು ಮನೆಯ ಹಿರಿಯರ ಮುಂದೆ, ಆಮೇಲೆ ಓಣಿಯ ಪಂಚರ ಮುಂದೆ. ರಾಜಿಯ ಮಾತಿನಲ್ಲಿ ದಿನ ಕಳೆಯುತ್ತವೆ. ಪಾಟೀಸವಾಲಿನಲ್ಲಿ ಆ ತಡವೇ ದೂರುದಾರಳ ಮೇಲಿನ ಆರೋಪವಾಗುತ್ತದೆ. ಆರೋಪಿಯ ವಕೀಲರು ಮುಂದಿಟ್ಟ ಸೂಚನೆಯನ್ನು ಅವಳು ಅಲ್ಲಗಳೆದರೆ ಹೇಳಿಕೆಯಲ್ಲಿ ಬೀಳುವುದು ಹೀಗೆ: 'ನಾನು ಕೂಗಿಕೊಳ್ಳದ ಕಾರಣ ಇದಕ್ಕೆ ನನ್ನ ಒಪ್ಪಿಗೆ ಇತ್ತು ಎಂದರೆ ಸರಿಯಲ್ಲ.' ಕೂಗದಿದ್ದರೆ ಒಪ್ಪಿಗೆ ಎಂಬ ತರ್ಕ ಅವಳ ಬಾಯಿಂದಲೇ ಕಾಗದಕ್ಕಿಳಿಯಿತು! ಅವಳು ಹೇಳಿದ್ದು 'ಇಲ್ಲ' ಎಂದಷ್ಟೇ, ಅದೂ ಬಹುಶಃ ಮರಾಠಿಯಲ್ಲೋ ದಖನಿಯಲ್ಲೋ ಲಂಬಾಣಿಯಲ್ಲೋ. ತಡವರಿಕೆ, ಅಳು, ಮೌನ ಯಾವುದೂ ಆ ಕನ್ನಡ ವಾಕ್ಯದಲ್ಲಿ ಉಳಿಯದು. ಮೇಲ್ಮನವಿ ಕಲಬುರಗಿ ಪೀಠಕ್ಕೆ ಹೋದಾಗ ಅಲ್ಲಿನ ನ್ಯಾಯಮೂರ್ತಿಗಳಿಗೆ ಸಿಗುವುದು ಆ ಕಾಗದವೇ, ಅವಳ ಮುಖವಲ್ಲ.

ಆರೋಪಿಗೆ ಪಾಟೀಸವಾಲಿನ ಹಕ್ಕು ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂತ್ರಸ್ತೆಯ ನಡತೆಯನ್ನು ಕೆದಕಿ ಸಾಕ್ಷ್ಯ ಕೆಡಿಸುವ ಅವಕಾಶವನ್ನು ಸಾಕ್ಷ್ಯ ಕಾಯ್ದೆಯಿಂದ ಕಿತ್ತುಹಾಕಿ ಎರಡು ದಶಕ ದಾಟಿವೆ. ಅವಮಾನಿಸುವ ಉದ್ದೇಶದ ಪ್ರಶ್ನೆಯನ್ನು ತಡೆಯುವ ಅಧಿಕಾರವನ್ನು ಅದೇ ಕಾಯ್ದೆ 1872ರಲ್ಲೇ ನ್ಯಾಯಾಧೀಶರಿಗೆ ಕೊಟ್ಟಿತ್ತು. ಅಧಿಕಾರ ಹಳೆಯದು, ಬಳಕೆ ಅಪರೂಪ. ತೀರ್ಪಿನಲ್ಲಿ ಯಾವ ಪದ ಕೂಡದು ಎಂದು ಕಲಿಸುವ ಕೈಪಿಡಿ, ವಿಚಾರಣೆಯ ನಡುವೆ ಯಾವ ಪ್ರಶ್ನೆಗೆ ತಡೆ ಹಾಕಬೇಕೆಂಬುದಕ್ಕೂ ಅಷ್ಟೇ ಒತ್ತು ಕೊಡಬೇಕಿತ್ತು. ತಾಲ್ಲೂಕು ವಕೀಲರ ಸಂಘಗಳು ಅದನ್ನು ಒಮ್ಮೆ ಕೂತು ಓದಲಿ, ಸರ್ಕಾರಿ ಅಭಿಯೋಜಕರನ್ನೂ ಬೆಂಚ್ ಕ್ಲರ್ಕ್‌ಗಳನ್ನೂ ಜೊತೆಗೆ ಕೂರಿಸಿಕೊಂಡು.