ರೋಮ್ ಸಮ್ಮೇಳನದ ‘ಇಳುವರಿ’ಯೂ ನಮ್ಮ ಕರಾವಳಿಯ ರಂಪಣಿಯೂ

ಕಡಲಿನ ಜೀವಸಂಪತ್ತಿನ ಸಂರಕ್ಷಣೆಯನ್ನು ಕುರಿತು ವಿಶ್ವಸಂಸ್ಥೆಯು 1955ರ ಏಪ್ರಿಲ್ 18ರಿಂದ ಮೇ 10ರವರೆಗೆ ರೋಮ್ ನಗರದಲ್ಲಿ ನಡೆಸಿದ ತಾಂತ್ರಿಕ ಸಮ್ಮೇಳನವು ಮೀನುಗಾರಿಕೆಯ ವಿಚಾರಕ್ಕೆ ಒಂದು ಪರಿಭಾಷೆಯನ್ನು ಕೊಟ್ಟಿತು. ಮೀನಿನ ಸಂತತಿಗೆ ಕುಂದು ಬರದಂತೆ ವರ್ಷವರ್ಷವೂ ತೆಗೆಯಬಹುದಾದ ಉತ್ತಮ ಇಳುವರಿಯನ್ನು ಗೊತ್ತುಮಾಡಿ, ಅದರಿಂದ ಮನುಷ್ಯರಿಗೆ ಗರಿಷ್ಠ ಆಹಾರವನ್ನು ಒದಗಿಸುವುದೇ ಸಂರಕ್ಷಣೆಯ ಗುರಿಯೆಂಬುದು ಅದರ ನಿಲುವು. 1958ರ ಜಿನೀವಾ ಒಡಂಬಡಿಕೆಯಲ್ಲಿಯೂ ಇದೇ ಭಾವನೆ ಸೇರಿತು. ಸುಸ್ಥಿರ ಮೀನುಗಾರಿಕೆಯೆಂದು ಇಂದು ಪಠ್ಯಗಳಲ್ಲಿ ಕಾಣುವ ಮಾತಿಗೆ ಇದೊಂದು ಮೂಲವಾದುದರಿಂದ, ಕಡಲನ್ನು ಶಿರಾಡಿ ಘಟ್ಟದಾಚೆಯ ಸಂಗತಿಯೆಂದು ಬಗೆಯುವ ನಮ್ಮ ಹಾಸನ ಸೀಮೆಯ ವಿದ್ಯಾರ್ಥಿಗೂ ಇದರ ವಿಮರ್ಶೆ ಅಪ್ರಸ್ತುತವಲ್ಲ.

ಈ ನಿಲುವಿನ ಗುಣವನ್ನು ಮೊದಲು ಒಪ್ಪಬೇಕು. ಕಡಲು ಎಂದಿಗೂ ಬರಿದಾಗದೆಂಬ ಹಳೆಯ ನಂಬಿಕೆಯನ್ನು ಅದು ಕೈಬಿಟ್ಟಿತು. ಆದರೆ ಅದರ ಹಿಂದಿನ ಗಣಿತ ಬಹುಪಾಲು ಬೆಳೆದುದು ಉತ್ತರದ ಕಡಲುಗಳಲ್ಲಿ, ಹಲವು ವರ್ಷ ಬದುಕುವ ಕಾಡ್, ಹಾಲಿಬಟ್ ಮೊದಲಾದ ಮೀನುಗಳ ಆಧಾರದಿಂದ. ನಮ್ಮ ಬಂಗುಡೆಯ ಆಯುಸ್ಸು ಕೆಲವೇ ವರ್ಷಗಳದು. ಒಂದು ವರ್ಷ ದಡದಲ್ಲಿ ರಾಶಿ, ಮರುವರ್ಷ ಬರಿಯ ಬಲೆ. ಇಂತಹ ಮೀನಿಗೆ ಸ್ಥಿರವಾದ ಒಂದು ಇಳುವರಿಯನ್ನು ಕಟ್ಟುವುದು ಸುಲಭವಲ್ಲ.

ಇದಕ್ಕಿಂತ ದೊಡ್ಡ ಕೊರತೆ ಬೇರೆಯದು. ಚಿಲಿ, ಪೆರು, ಎಕ್ವಡಾರ್ ದೇಶಗಳು ತಮ್ಮ ತೀರದ 200 ನಾವಿಕ ಮೈಲಿಗಳ ಕಡಲು ತಮ್ಮದೆಂದು 1952ರಲ್ಲಿಯೇ ಸಾರಿದ್ದುವು. ಮೀನು ಯಾರದೆಂಬ ವಿವಾದ ಹೀಗೆ ಬಾಗಿಲಲ್ಲಿ ನಿಂತಿದ್ದರೂ, ತಾಂತ್ರಿಕ ಸಮ್ಮೇಳನವೆಂಬ ಕಾರಣದಿಂದ ಅದನ್ನು ಹೊರಗಿಟ್ಟು ಎಷ್ಟೆಂಬುದನ್ನು ಮಾತ್ರ ಚರ್ಚಿಸಲಾಯಿತು. ಈ ವಿಂಗಡಣೆ ನಿಲ್ಲುವುದೇ ಎಂಬುದಕ್ಕೆ ನಮ್ಮ ಕರಾವಳಿಯೇ ಒರೆಗಲ್ಲು.

ಕಾರವಾರದಿಂದ ಮಂಗಳೂರಿನವರೆಗೆ ಮಳೆಗಾಲ ಕಳೆದ ಮೇಲೆ ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ದೊಡ್ಡ ಬಲೆ ರಂಪಣಿ. ಬಂದ ಮೀನು ಪಾಲುಗಾರರಲ್ಲಿ ಹಂಚಿಹೋಗುತ್ತಿತ್ತು. ಅದರ ಲೆಕ್ಕವು ಎಣಿಸಿದುದು ಕಡಲಲ್ಲಿದ್ದ ಬಂಗುಡೆಯನ್ನಲ್ಲ, ದಡಕ್ಕೆ ಬಂದ ಬಂಗುಡೆಯನ್ನು. (ನಮ್ಮ ವಿದ್ಯಾರ್ಥಿಗಳು ಅಂಕಿಗಳನ್ನು ಓದುವಾಗ ಈ ಭೇದವನ್ನು ಮರೆಯುವುದೇ ಹೆಚ್ಚು.) 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಹೆಚ್ಚಿ, ದಡ ಸೇರುವ ಮುನ್ನವೇ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯತೊಡಗಿದುವು. ರಂಪಣಿ ಬರಿದಾಯಿತು, ಎಳೆಯುವ ಮಂದಿಗೆ ಕೆಲಸ ತಪ್ಪಿತು, ಇಬ್ಬಣಗಳ ನಡುವೆ ಘರ್ಷಣೆಗಳೂ ನಡೆದುವು. ಒಟ್ಟು ಇಳುವರಿಯೆಂಬ ಒಂದೇ ಅಂಕಿಯನ್ನು ನೋಡುವವನಿಗಾದರೋ ಇಲ್ಲಿ ನಷ್ಟವೇ ಕಾಣದಿರಬಹುದು: ಒಂದು ಬಲೆಯ ಮೀನು ಇನ್ನೊಂದು ಬಲೆಗೆ ಬಿದ್ದಿತು, ಅಷ್ಟೆ. ರೋಮ್ ಕೊಟ್ಟ ಅಳತೆಗೋಲು ಸುಳ್ಳೆಂದು ನಾನು ಹೇಳುತ್ತಿಲ್ಲ; ಈ ನಷ್ಟವನ್ನು ಅಳೆಯುವ ಗೆರೆಯೇ ಅದರಲ್ಲಿರಲಿಲ್ಲ.

ಸಾಂಪ್ರದಾಯಿಕ ದೋಣಿಯವರ ಹಿತವನ್ನು ಗಮನಿಸಬೇಕೆಂಬ ಮಾತು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಲ್ಲಿ ಬಂದಿತು. ಆ ವೇಳೆಗೆ ರಂಪಣಿಗಳಲ್ಲಿ ಬಹಳಷ್ಟು ದಡ ಸೇರಿಯಾಗಿತ್ತು.